‘ಬೋರ್ಡ್ ಹೋಗಿದೆ’: ಇಂಡಕ್ಷನ್ ಒಲೆಯ ನಿಯಂತ್ರಣ ಫಲಕದ ಸಂದರ್ಶನ

ಇಂಡಕ್ಷನ್ ಒಲೆ ಕೆಟ್ಟಾಗಲೆಲ್ಲ ರಿಪೇರಿಯವರ ಬಾಯಿಂದ ಹೊರಡುವ ಎರಡು ಪದಗಳ ತೀರ್ಪಿನ ಬಗ್ಗೆ ಆರೋಪಿಯ, ಅಂದರೆ ಗಾಜಿನ ತಟ್ಟೆಯಡಿ ಕುಳಿತು ತಾಮ್ರದ ಸುರುಳಿಗೆ ವಿದ್ಯುತ್ತನ್ನು ಅಳೆದು ಕೊಡುವ ನಿಯಂತ್ರಣ ಫಲಕದ, ಹೇಳಿಕೆಯನ್ನು ಯಾರೂ ದಾಖಲಿಸಿಕೊಂಡಿಲ್ಲವಾದ್ದರಿಂದ ಈ ಸಂದರ್ಶನ ಅನಿವಾರ್ಯವಾಯಿತು. ಫಲಕವು ತನ್ನನ್ನು ಮೂರನೆಯವರಂತೆ ಹೆಸರಿಸಿಕೊಂಡೇ ಮಾತಾಡಿದ್ದು, ಅದನ್ನು ಹಾಗೆಯೇ ಉಳಿಸಿಕೊಳ್ಳಲಾಗಿದೆ.

ಸಂದರ್ಶಕ: ಆರೋಪಕ್ಕೆ ಫಲಕದ ಉತ್ತರವೇನು?

ಫಲಕ: ತಳದ ಸ್ಕ್ರೂ ಬಿಚ್ಚುವ ಮೊದಲೇ ತೀರ್ಪು ಬಂದಿರುತ್ತದೆ ಎಂಬುದೇ ಉತ್ತರ. ಸುರುಳಿಯ ನಡುವೆ ಗಾಜಿಗೆ ಅಂಟಿಕೊಂಡಿರುವ ಥರ್ಮಿಸ್ಟರ್, ಎಂದರೆ ಬಿಸಿಯೇರಿದಂತೆ ವಿದ್ಯುತ್ತಿಗೆ ಒಡ್ಡುವ ತಡೆಯನ್ನು ಕಡಿಮೆ ಮಾಡಿಕೊಳ್ಳುವ ಪುಟ್ಟ ಮಣಿ, ತಂತಿ ಕಡಿದುಕೊಂಡರೆ ಪಾತ್ರೆಯ ಬಿಸಿ ಎಷ್ಟೆಂದು ತಿಳಿಯದ ಫಲಕವು ಒಲೆ ಹೊತ್ತಿಸಲು ಒಪ್ಪುವುದಿಲ್ಲ. ಅದು ಕರ್ತವ್ಯಪಾಲನೆಯೇ ಹೊರತು ಕಾಯಿಲೆಯಲ್ಲ. ಕೋಣೆಯ ಉಷ್ಣತೆಯಲ್ಲಿ ಹಲವು ಒಲೆಗಳ ಮಣಿ ಸುಮಾರು 100 ಕಿಲೋ ಓಮ್ ತೋರಿಸುತ್ತದೆಯಾದ್ದರಿಂದ, ಮಲ್ಟಿಮೀಟರಿನ ಎರಡು ಕಡ್ಡಿ ತಾಗಿಸಿದರೆ ಸತ್ಯ ಹೊರಬೀಳುತ್ತದೆ. ಆದರೆ ಫ್ಯಾನ್ ನಿಂತರೂ ಬೋರ್ಡ್ ಹೋಗಿದೆ, ಸಂಜೆ ಊರಿನ ವೋಲ್ಟೇಜ್ ಕುಸಿದರೂ ಬೋರ್ಡ್ ಹೋಗಿದೆ.

ಸಂದರ್ಶಕ: ಉಕ್ಕಿದ ಹಾಲು, ಬೆಚ್ಚಗಿನ ಜಾಗ ಹುಡುಕಿ ಬರುವ ಜಿರಳೆ?

ಫಲಕ: ಜಿರಳೆಗಳು ಬಾಡಿಗೆದಾರರು, ಅವುಗಳ ತಕರಾರು ಬೇರೆ. ತೀರ್ಪಿನ ವಿಷಯಕ್ಕೆ ಬರುವುದಾದರೆ...

ಸಂದರ್ಶಕ: ಅದಕ್ಕೂ ಮೊದಲು, ಒಲೆಯ ಜೊತೆ ಬರುವ ಕೈಪಿಡಿಯಲ್ಲಿ ಕನ್ನಡ ಏಕಿಲ್ಲ? ‘ಇ 1’ ಎಂದು ಮಿನುಗಿದರೆ ಹಾಸನದ ಗೃಹಿಣಿ ಏನೆಂದು ತಿಳಿಯಬೇಕು?

ಫಲಕ: ಕನ್ನಡದಲ್ಲಿ ಅಚ್ಚಾದರೂ ಪೂರ್ತಿ ತಿಳಿಯದು, ಏಕೆಂದರೆ ಈ ದೋಷಸಂಕೇತಗಳನ್ನು ಪ್ರತಿ ತಯಾರಕರೂ ತಮಗೆ ಬೇಕಾದಂತೆ ಹೊಂದಿಸಿಕೊಂಡಿದ್ದು, ಒಂದು ಒಲೆಯಲ್ಲಿ ವೋಲ್ಟೇಜ್ ಕಡಿಮೆ ಎಂದು ಹೇಳುವ ಅಂಕಿಯೇ ಇನ್ನೊಂದರಲ್ಲಿ ಥರ್ಮಿಸ್ಟರಿನ ಸಾವನ್ನು ಸಾರುತ್ತದೆ.

ಸಂದರ್ಶಕ: ಅಂದರೆ ಕನ್ನಡ ಕೈಪಿಡಿಯ ಅಗತ್ಯ ಇನ್ನೂ ಹೆಚ್ಚಾಯಿತಲ್ಲ! ಇರಲಿ, ಫ್ಯೂಸ್ ಸುಟ್ಟರೂ ಫಲಕ ನಿರಪರಾಧಿಯೇ?

ಫಲಕ: ಆಗ ಮಾತ್ರ ನಿರಪರಾಧಿಯಲ್ಲ. ಮನೆಗೆ ಬರುವ 230 ವೋಲ್ಟ್‌ನ ಪರ್ಯಾಯ ವಿದ್ಯುತ್ತನ್ನು ಬ್ರಿಡ್ಜ್ ರೆಕ್ಟಿಫೈಯರ್ ಏಕಮುಖಗೊಳಿಸಿದ ಮೇಲೆ, ಐಜಿಬಿಟಿ ಎಂಬ ಸ್ವಿಚ್ಚು ಅದನ್ನು ಸೆಕೆಂಡಿಗೆ 20,000ಕ್ಕೂ ಹೆಚ್ಚು ಸಲ ಕಡಿದು ಜೋಡಿಸುತ್ತದೆ. ಫ್ಯೂಸಿನ ಗಾಜು ಕಪ್ಪಿಟ್ಟಿದ್ದರೆ ಇವೆರಡರಲ್ಲಿ ಒಂದು ಶಾರ್ಟ್ ಆಗಿರುವ ಸಂಭವವೇ ಹೆಚ್ಚು. ಆದ್ದರಿಂದ ಬಲ್ಲವರು ಹೊಸ ಫ್ಯೂಸ್ ಹಾಕಿ ನೇರವಾಗಿ ಪ್ಲಗ್ ಚುಚ್ಚದೆ, 100 ವ್ಯಾಟ್‌ನ ಹಳೆಯ ಬಲ್ಬನ್ನು ಸರಣಿಯಲ್ಲಿ ಸೇರಿಸಿ ನೋಡುತ್ತಾರೆ. ಬಲ್ಬು ಪ್ರಖರವಾಗಿ ಉರಿಯುತ್ತಲೇ ಇದ್ದರೆ ಶಾರ್ಟ್ ಉಳಿದಿದೆ ಎಂದರ್ಥ. ಸುರುಳಿಯ ಜೊತೆಗಿರುವ ಕೆಪಾಸಿಟರ್ ಸೊರಗಿದ್ದನ್ನು ಗಮನಿಸದೆ ಐಜಿಬಿಟಿ ಮಾತ್ರ ಬದಲಿಸಿದರೆ ಹೊಸದೂ ಸುಡುತ್ತದೆ.

ಸಂದರ್ಶಕ: ಇಷ್ಟು ಸುಲಭವಿದ್ದರೆ ಇಡೀ ಬೋರ್ಡನ್ನೇ ಏಕೆ ಬದಲಿಸುತ್ತಾರೆ?

ಫಲಕ: ತಯಾರಕರು ಸರ್ಕ್ಯೂಟ್ ನಕ್ಷೆಯನ್ನು ಬಚ್ಚಿಟ್ಟಿರುವುದರಿಂದ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ ದುರಸ್ತಿ ಹಕ್ಕಿನ ಜಾಲತಾಣ ತೆರೆಯಿತು. ಬೀದಿ ಬದಿಯ ಮೆಕ್ಯಾನಿಕ್ ಮಾತ್ರ ಇಂದಿಗೂ ಬೋರ್ಡಿನ ಗೆರೆಗಳನ್ನು ಬೆರಳಲ್ಲಿ ಹಿಂಬಾಲಿಸಿ ಊಹಿಸುತ್ತಿದ್ದಾನೆ, ಏಕೆಂದರೆ ಅವನು ಕಲಿತರೆ ಹೊಸ ಬೋರ್ಡು ಮಾರಾಟವಾಗುವುದಿಲ್ಲ. ನೂರಿನ್ನೂರು ರೂಪಾಯಿಯ ಒಂದು ಬಿಡಿಭಾಗಕ್ಕಾಗಿ ಎಸೆದ ಫಲಕಗಳು ಗುಜರಿ ಸೇರುತ್ತವೆ, ಅಲ್ಲಿ ಕೈಗವಸೂ ಇಲ್ಲದ ಜನ ತಾಮ್ರಕ್ಕಾಗಿ ಅವನ್ನು ಸುಡುತ್ತಾರೆ, ಬೆಸುಗೆಯಲ್ಲಿ ಸೀಸವಿದ್ದರೆ ಅದೂ ಸೇರಿ ಆ ಹೊಗೆಯನ್ನು ಅವರ ಮಕ್ಕಳು ಉಸಿರಾಡುತ್ತಾರೆ. ಇದು ನಿರ್ಲಕ್ಷ್ಯವಲ್ಲ, ಲೆಕ್ಕ ಹಾಕಿ ಮಾಡಿದ ವ್ಯಾಪಾರ. ಅದರ ಖರ್ಚನ್ನು ಮಾತ್ರ ಬಡವರ ಶ್ವಾಸಕೋಶಕ್ಕೆ ಬರೆಯಲಾಗಿದೆ.

ಸಂದರ್ಶಕ: ... ಕಡೆಯ ಪ್ರಶ್ನೆ. ಕೈಪಿಡಿ ಹೋಗಲಿ, ಪರದೆಯ ಮೇಲಾದರೂ ಕನ್ನಡ ಮೂಡೀತೇ?

ಫಲಕ: ಅಂಕಿ ತೋರಿಸಲು ಇರುವುದು ಏಳು ನೇರ ಗೆರೆ, ಅದರಲ್ಲಿ ಕನ್ನಡದ ಬಳುಕು ಒಗ್ಗದು. ಸೊನ್ನೆಯೊಂದು ಮಾತ್ರ ಮೂಡುತ್ತದೆ.

ಸಂದರ್ಶಕ: ಅಂದರೆ ಹಲವು ಒಲೆಗಳಲ್ಲಿ ಪಾತ್ರೆ ಇಲ್ಲ ಎನ್ನುವ ‘ಇ 0’ ಈಗಾಗಲೇ ಅರ್ಧ ಕನ್ನಡದಲ್ಲಿದೆ ಎಂದು ಬರೆದುಕೊಳ್ಳಬಹುದೇ?

ಫಲಕ: ಬರೆದುಕೊಳ್ಳಿ. ಬೋರ್ಡ್ ಹೋಗಿಲ್ಲ ಎಂಬುದನ್ನೂ.