ಬರಿಗೈಲಿ ಯಾರೂ ಹೋಗಬಾರದು

ಕಿರುತೆರೆಯ ಪ್ರಶಸ್ತಿ ಸಮಾರಂಭಕ್ಕೆ ನಿರೂಪಣೆ ಮಾಡಿಕೊಡಿ ಅಂತ ಯಾರಾದರೂ ಕರೆದರೆ, ನೀವು ಮೊದಲು ಕೇಳಬೇಕಾದ್ದು ಸಂಭಾವನೆಯ ಬಗ್ಗೆ ಅಲ್ಲ. ಊಟ ಎಷ್ಟು ಗಂಟೆಗೆ ಅಂತ. ಪಾಸಿನ ಮೇಲೆ ಸಂಜೆ ಆರು ಎಂದು ಅಚ್ಚಾಗಿರುತ್ತದೆ. ಆರಕ್ಕೆ ಹೋಗಿ ನೋಡಿ, ವೇದಿಕೆ ಮೇಲೆ ಒಬ್ಬ ಸುತ್ತಿಗೆ ಹಿಡಿದು ಮೊಳೆ ಹೊಡೆಯುತ್ತಿರುತ್ತಾನೆ, ಇನ್ನೊಬ್ಬ ಅದೇ ಮೊಳೆ ಕೀಳುತ್ತಿರುತ್ತಾನೆ. ಎಂಟರ ಹೊತ್ತಿಗೆ ರೆಡ್ ಕಾರ್ಪೆಟ್ ಮೇಲೆ ನಾಯಕಿಯರು, ಒಂಬತ್ತೂವರೆಗೆ ದೀಪ. ನೀವು ಮುಖ ಅರಳಿಸಿಕೊಂಡು "ಶುಭ ಸಂಜೆ ಕರ್ನಾಟಕ!" ಅನ್ನುವಾಗ ಅರ್ಧ ಕರ್ನಾಟಕ ಎರಡನೇ ಮಗ್ಗುಲಿಗೆ ಹೊರಳಿರುತ್ತದೆ. ಆದರೂ ಅದು ಸುಳ್ಳಲ್ಲ. ಒಂದೆರಡು ವಾರ ಬಿಟ್ಟು, ಶನಿವಾರ ಸಂಜೆ ಕಾಫಿ ಹಿಡಿದು ಟಿವಿ ಮುಂದೆ ಕೂತವರಿಗೆ ಅದು ಸಂಜೆಯೇ.

ನಾನು ಆ್ಯಂಕರ್ ಅಲ್ಲ ಮಾರಾಯ್ರೆ. ಆ್ಯಂಕರ್ ಆ ಕ್ಷಣಕ್ಕೆ ಥಟ್ಟಂತ ಹೊಳೆದು ಹೇಳಿದಂತೆ ಕಾಣುವ ಮಾತನ್ನು, ನಮ್ಮ ಭಾಷೆಯಲ್ಲಿ 'ಲಿಂಕ್' ಅನ್ನು, ವಾರಗಟ್ಟಲೆ ಮೊದಲೇ ಬರೆದುಕೊಟ್ಟು, ಮೂರು ಸಲ ತಿದ್ದಿಸಿಕೊಂಡು, ಕೊನೆಗೆ "ಈ ಲಿಂಕ್ ಉದ್ದ ಆಯ್ತು ಸಾರ್" ಅನ್ನಿಸಿಕೊಳ್ಳುವ ಜಾತಿಯವನು. ಹಾಗಾಗಿ ಈ ರಾತ್ರಿಗಳನ್ನು ನಾನು ನೋಡಿರುವುದೆಲ್ಲ ವೇದಿಕೆಯ ಪಕ್ಕದ ಕಪ್ಪು ಪರದೆಯ ಸಂದಿಯಿಂದ. ಅಲ್ಲಿಂದ ಸಭೆಯ ಮುಖ ಕಾಣುತ್ತದೆ, ನಿರೂಪಕರ ಬೆನ್ನು ಕಾಣುತ್ತದೆ. ನಗುವ ಮುಖಕ್ಕಿಂತ ಬೆವರಿದ ಬೆನ್ನು ಹೆಚ್ಚು ಸತ್ಯ ಹೇಳುತ್ತದೆ.

ಈ ಸಮಾರಂಭ ಪ್ರಶಸ್ತಿಯದು ಅಂತ ತಿಳಿದವರು ಮೊದಲ ಹತ್ತು ನಿಮಿಷದಲ್ಲೇ ಮುಗ್ಗರಿಸುತ್ತಾರೆ. ಇದು ಪಕ್ಕಾ ಮದುವೆಮನೆ. ಹೆಸರುಗಳನ್ನೇ ನೋಡಿ: ಕಲರ್ಸ್ ಕನ್ನಡದ್ದು 'ಅನುಬಂಧ', ಜೀ ಕನ್ನಡದ್ದು 'ಕುಟುಂಬ', ಹಿಂದಿಯ ಸ್ಟಾರ್ ಪ್ಲಸ್‌ನದು 'ಪರಿವಾರ್'. ಬಹುಮಾನ ಕೊಡುವುದೂ ನೆಂಟಸ್ತಿಕೆಗೇ. ಮೆಚ್ಚಿನ ಅತ್ತೆ, ಮೆಚ್ಚಿನ ಸೊಸೆ, ಮೆಚ್ಚಿನ ಅಪ್ಪ, ಮೆಚ್ಚಿನ ಸಂಸಾರ. ಮನೆ ಒಡೆಯುವವರನ್ನೂ ಬಿಟ್ಟಿಲ್ಲ. ಮಂಥರೆಗೊಂದು, ಶಕುನಿಗೊಂದು ಕಪ್ಪು ಇಟ್ಟಿದ್ದಾರೆ. ರಾಮಾಯಣ ಮಹಾಭಾರತ ಎರಡರಲ್ಲೂ ಸಿಗದ ಮರ್ಯಾದೆ ಆ ಇಬ್ಬರಿಗೆ ಸಿಕ್ಕಿದ್ದು ನಮ್ಮ ಕನ್ನಡ ಕಿರುತೆರೆಯಲ್ಲಿ. ಮದುವೆಮನೆ ಅಂದಮೇಲೆ ನಿಯಮ ಒಂದೇ: ತಾಂಬೂಲ ಇಲ್ಲದೆ ಯಾರೂ ಹೊಸ್ತಿಲು ದಾಟಬಾರದು.

ಆದ್ದರಿಂದ ಮೆಚ್ಚಿನ ಜೋಡಿ ಅಂತ ಒಂದು ಪ್ರಶಸ್ತಿ ಇಟ್ಟರೆ ಸಾಲದು. ಏಳು ಗಂಟೆ ಸೀರಿಯಲ್ಲಿನ ಜೋಡಿಗೆ ಅದು ಹೋದರೆ ಏಳೂವರೆಯವರು ಮುಖ ಊದಿಸಿಕೊಳ್ಳುತ್ತಾರೆ. ಅವರಿಗೆ 'ವರ್ಷದ ಜೋಡಿ'. ಎಂಟು ಗಂಟೆಯವರಿಗೆ 'ಟ್ರೆಂಡಿಂಗ್ ಜೋಡಿ'. ಎಂಟೂವರೆಯ ಕಥೆಯಲ್ಲಿ ಜೋಡಿ ಇನ್ನೂ ಜೋಡಿಯೇ ಆಗಿಲ್ಲ, ನಾಯಕ ಜ್ಞಾಪಕಶಕ್ತಿ ಕಳಕೊಂಡು ಆಸ್ಪತ್ರೆಯಲ್ಲಿದ್ದಾನೆ ಅನ್ನಿ. 'ಜನ ಕಾಯುತ್ತಿರುವ ಜೋಡಿ' ಅಂತ ಹೊಸದೊಂದು ಹುಟ್ಟುತ್ತದೆ. ಇವೆಲ್ಲ ಒಂದೇ ಪ್ರಶಸ್ತಿ ಅಂತ ಸಭೆಗೆ ಗೊತ್ತಾಗದ ಹಾಗೆ, ಪ್ರತಿ ಸಲವೂ ಈಗಷ್ಟೇ ಆಕಾಶದಿಂದ ಇಳಿದದ್ದು ಎಂಬಂತೆ ಬೆರಗಾಗುವುದು ನಿರೂಪಕರ ಕೆಲಸ.

ಅಮೆರಿಕದಲ್ಲಿ ಸೂಸನ್ ಲೂಚಿ ಎಂಬ ಧಾರಾವಾಹಿ ನಟಿ ಇದ್ದಾರೆ. ಅಲ್ಲಿನ ಟಿವಿ ಪ್ರಶಸ್ತಿ ಡೇಟೈಮ್ ಎಮ್ಮಿಗೆ 1978ರಿಂದ ಅವರ ಹೆಸರು ನಾಮನಿರ್ದೇಶನದಲ್ಲಿ ಬರುತ್ತಲೇ ಇತ್ತು, ಪ್ರಶಸ್ತಿ ಬೇರೆಯವರಿಗೆ ಹೋಗುತ್ತಲೇ ಇತ್ತು. ಗೆದ್ದದ್ದು 1999ರಲ್ಲಿ, 19ನೇ ನಾಮನಿರ್ದೇಶನಕ್ಕೆ. ಅಷ್ಟೂ ವರ್ಷ ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದರಲ್ಲ, ಮಹಾತಾಯಿ! ನಮ್ಮಲ್ಲಾಗಿದ್ದರೆ ಎರಡನೇ ವರ್ಷಕ್ಕೇ ಅವರಮ್ಮ ಚಾನೆಲ್‌ಗೆ ಫೋನ್ ಮಾಡಿ, "ನಮ್ ಪಾಪುಗೆ ಜ್ವರ, ನಾಳೆಯಿಂದ ಶೂಟಿಂಗ್‌ಗೆ ಬರಲ್ಲ" ಅಂದಿರುತ್ತಿದ್ದರು. ಮೂರನೇ ವರ್ಷ 'ನಿತ್ಯ ನಗುಮುಖದ ತಾರೆ' ಎಂಬ ಪ್ರಶಸ್ತಿ ಸಿದ್ಧ.

ಇದಕ್ಕೆ ಪೂರ್ತಿ ಉಲ್ಟಾ ನಮ್ಮ ಪಕ್ಕದ ಕೇರಳ. ಅಲ್ಲಿ ಚಲಚ್ಚಿತ್ರ ಅಕಾಡೆಮಿ ಸರ್ಕಾರದ ಕಡೆಯಿಂದಲೇ ಟಿವಿ ಪ್ರಶಸ್ತಿ ಕೊಡುತ್ತದೆ. 2021ರಲ್ಲಿ ಹಿಂದಿನ ವರ್ಷದ ಪ್ರಶಸ್ತಿ ಪ್ರಕಟವಾದಾಗ ತೀರ್ಪುಗಾರರು ಅತ್ಯುತ್ತಮ ಧಾರಾವಾಹಿ ಪ್ರಶಸ್ತಿಯನ್ನು ಯಾರಿಗೂ ಕೊಡಲಿಲ್ಲ. ಕೊಡುವ ಗುಣಮಟ್ಟದ್ದು ಬಂದಿಲ್ಲ ಎಂದು ಕೈ ತೊಳೆದುಕೊಂಡರು. ಓದಿದಾಗ ನನಗೆ ತೀರ್ಪುಗಾರರ ಧೈರ್ಯದ ಬಗ್ಗೆ ಗೌರವ ಬಂತು. ಆದರೆ ಲಿಂಕ್ ಬರೆಯುವವನಾಗಿ ಎದೆ ಧಸಕ್ಕೆಂದಿತು. "ಈಗ ಇಡೀ ರಾತ್ರಿ ನೀವೆಲ್ಲ ಕಾಯುತ್ತಿದ್ದ ಕ್ಷಣ... ಮತ್ತು ಪ್ರಶಸ್ತಿ ಹೋಗುತ್ತಿದೆ..." ಎಲ್ಲಿಗೆ ಹೋಗಬೇಕು ಅದು? ತಮಟೆ ಬಾರಿಸಿದವನೂ ಕೋಲು ಎತ್ತಿಕೊಂಡೇ ನಿಲ್ಲಬೇಕು.

ಎಮ್ಮಿ ಅಂದೆನಲ್ಲ, ಅದನ್ನು ಈಗ ಜಗತ್ತಿಗೇ ದೊಡ್ಡದು ಅಂತ ಮೆರೆಸುತ್ತಾರೆ. ಹುಟ್ಟಿದ್ದು ಮಾತ್ರ ಶುದ್ಧ ಸ್ಥಳೀಯವಾಗಿ. 1949ರ ಜನವರಿ 25ರಂದು ಹಾಲಿವುಡ್ ಅಥ್ಲೆಟಿಕ್ ಕ್ಲಬ್ಬಿನಲ್ಲಿ ಮೊದಲ ಸಮಾರಂಭ ನಡೆಯಿತು. ಲಾಸ್ ಏಂಜಲಿಸ್ ಸುತ್ತಮುತ್ತ ತಯಾರಾದ ಕಾರ್ಯಕ್ರಮಗಳಿಗಷ್ಟೇ ಪ್ರವೇಶ. ಟಿಕೆಟ್ಟು ಐದು ಡಾಲರು. ನಿರೂಪಕ ವಾಲ್ಟರ್ ಓಕೀಫ್. ಕೊಟ್ಟದ್ದು ಆರೇ ಪ್ರಶಸ್ತಿ, ಅದರಲ್ಲಿ ಒಂದು ಆ ಪ್ರತಿಮೆಯನ್ನು ವಿನ್ಯಾಸ ಮಾಡಿದ ಲೂಯಿ ಮ್ಯಾಕ್‌ಮೇನಸ್‌ಗೇ! ಅಡುಗೆ ಭಟ್ಟರನ್ನೇ ಮೊದಲ ಪಂಕ್ತಿಗೆ ಕೂರಿಸಿದ ಆ ಸಭ್ಯತೆ ನನಗೆ ಬಹಳ ಹಿಡಿಸಿತು. ಇನ್ನೊಂದು ಪ್ರಶಸ್ತಿ ಗೊಂಬೆ ಮಾತಾಡಿಸುವ ಹುಡುಗಿ ಶರ್ಲಿ ಡಿನ್ಸ್‌ಡೇಲ್‌ಗೆ, ಅವಳ ಕೈಯಲ್ಲಿದ್ದ ಗೊಂಬೆ ಜೂಡಿ ಸ್ಪ್ಲಿಂಟರ್ಸ್‌ನ ದೆಸೆಯಿಂದ. ಆರೇ ಪ್ರಶಸ್ತಿ ಅಂದರೆ ಆ ಓಕೀಫ್ ಪುಣ್ಯಾತ್ಮ ಹತ್ತಕ್ಕೆಲ್ಲ ಮನೆ ಸೇರಿರಬೇಕು ಅಂತ ನನ್ನ ಹೊಟ್ಟೆಕಿಚ್ಚು.

ನಮ್ಮಲ್ಲಿ ಹೊತ್ತು ಸಾಗುವುದೇ ಬೇರೆ ಲೆಕ್ಕ. ಪ್ರತಿ ವಿಭಾಗಕ್ಕೂ ಮೊದಲು ಎವಿ. ಅಂದರೆ ನಾಮನಿರ್ದೇಶಿತರ ತುಣುಕುಗಳು. ಮೆಚ್ಚಿನ ಸೊಸೆ ವಿಭಾಗದ್ದಾದರೆ ಐದೂ ಜನ ಅಳುತ್ತಿರುತ್ತಾರೆ, ಐದೂ ಕಡೆ ತುಳಸಿಕಟ್ಟೆ, ಐದೂ ಕಡೆ ಮಳೆ. ಎವಿ ಓಡುವಾಗ ವೇದಿಕೆ ಮೇಲೆ ಕತ್ತಲು. ಆ ಕತ್ತಲಲ್ಲಿ ನಿರೂಪಕರ ಕಿವಿಯ ಟಾಕ್‌ಬ್ಯಾಕ್‌ಗೆ ಕಂಟ್ರೋಲ್ ರೂಮ್ ಆದ ಪಿಸಿಆರ್‌ನಿಂದ ಅಶರೀರವಾಣಿ: "ಅತಿಥಿ ಇನ್ನೂ ಕ್ಯಾರವಾನ್‌ನಲ್ಲಿದ್ದಾರೆ, ಎಳೀರಿ." ಎಳೆಯುವುದು ಅಂದರೆ ಸಭೆಗೆ ಇಳಿದು ಯಾರನ್ನಾದರೂ ಕಾಲೆಳೆಯುವುದು. ಅದಕ್ಕೆ ಸಿದ್ಧ ಸಾಮಗ್ರಿ ಇರುತ್ತದೆ. ಖಳನಾಯಕಿಯ ಹತ್ತಿರ ಹೋಗಿ, "ಮೇಡಂ, ಮಾರ್ಕೆಟ್‌ಗೆ ಹೋದಾಗ ಜನ ಏನಂತಾರೆ?" ಅನ್ನಬೇಕು. ಅವರು, "ಸೊಪ್ಪಿನ ಅಜ್ಜಿ ನನಗೆ ಕೊತ್ತಂಬರಿ ಕೊಡಲ್ಲ ಅಂದುಬಿಟ್ರು" ಅನ್ನಬೇಕು. ಸಭೆ ನಗಬೇಕು. ಪ್ರತಿ ವರ್ಷ ಅದೇ ಅಜ್ಜಿ, ಅದೇ ಕೊತ್ತಂಬರಿ. ಕಟ್ಟು ಬಾಡಿಲ್ಲ ನೋಡಿ.

ಹೊತ್ತು ಮೀರದಿರಲು ಅಮೆರಿಕದವರು ಮಾಡುವ ಕಸರತ್ತೂ ಕಮ್ಮಿಯಿಲ್ಲ. 2006ರ ಎಮ್ಮಿಯಲ್ಲಿ ನಿರೂಪಕ ಕೋನನ್ ಓ'ಬ್ರಯನ್, ಹಿರಿಯ ಹಾಸ್ಯನಟ ಬಾಬ್ ನ್ಯೂಹಾರ್ಟ್‌ರನ್ನು ಗಾಳಿಯಾಡದ ಗಾಜಿನ ಕೊಳವೆಯಲ್ಲಿ ಕೂರಿಸಿ, ಒಳಗಿರುವುದು ಮೂರೇ ಗಂಟೆಯ ಗಾಳಿ, ಕಾರ್ಯಕ್ರಮ ತಡವಾದರೆ ಇವರ ಕಥೆ ಮುಗಿಯಿತು ಎಂದು ತಮಾಷೆ ಮಾಡಿದರು. 2024ರ ಜನವರಿಯ ಎಮ್ಮಿಯಲ್ಲಿ ನಿರೂಪಕ ಆಂಥನಿ ಆ್ಯಂಡರ್ಸನ್ ಸ್ವಂತ ತಾಯಿಯನ್ನೇ ಕರೆತಂದು, ಮಾತು ಉದ್ದ ಮಾಡಿದವರನ್ನು ಆಕೆಯಿಂದ ಗದರಿಸಿದರು. ಈ ಎರಡನೆಯದು ನಮಗೆ ಒಗ್ಗುವಂಥದ್ದು. ನಮ್ಮ ಸೀರಿಯಲ್ಲುಗಳಲ್ಲಿ ಅತ್ತೆಯರಿಗೇನು ಬರವೇ? ಮೂಲೆಯಲ್ಲಿ ಒಬ್ಬರನ್ನು ಕೂರಿಸಿ ಹುಬ್ಬು ಮೇಲೇರಿಸಲು ಹೇಳಿ, ಹಿಂದೆ ಆ ಢಂ ಢಂ ಸಂಗೀತ ಹಾಕಿ, ಮುಖದ ಮೇಲೆ ಮೂರು ಸಲ ಕ್ಯಾಮೆರಾ ಜಿಗಿಸಿದರೆ ಸಾಕು. ಆದರೆ ಆ ಅತ್ತೆಯೇ ಮೈಕ್ ಹಿಡಿದರೆ ಇಳಿಸುವವರು ಯಾರು ಎಂಬ ಪ್ರಶ್ನೆ ಉಳಿಯುತ್ತದೆ.

ಸಸ್ಪೆನ್ಸ್ ವಿಷಯಕ್ಕೆ ಬರೋಣ. "ಮತ್ತು ಪ್ರಶಸ್ತಿ ಹೋಗುತ್ತಿದೆ" ಎಂದ ಮೇಲೆ ನಿರೂಪಕರು ಹತ್ತು ಸೆಕೆಂಡು ಉಸಿರು ಕಟ್ಟಿ ನಿಲ್ಲುತ್ತಾರಲ್ಲ, ಆ ಹೊತ್ತಿನಲ್ಲಿ ಗೆಲ್ಲುವವರು ಯಾರೆಂದು ಗೊತ್ತಿಲ್ಲದ ಪ್ರಾಣಿ ಸಭಾಂಗಣದಲ್ಲಿ ಒಂದೂ ಇರುವುದಿಲ್ಲ. ಗೆಲ್ಲುವವರನ್ನು ಸಾಲಿನ ತುದಿ ಕುರ್ಚಿಯಲ್ಲಿ ಕೂರಿಸಿರುತ್ತಾರೆ, ಲೆಹೆಂಗಾ ಎತ್ತಿಕೊಂಡು ಎದ್ದು ಬರಲು ಜಾಗ ಬೇಕಲ್ಲ. ಅವರ ಮುಂದೆ ಕ್ಯಾಮೆರಾಮನ್ ಒಬ್ಬ ಆಗಲೇ ಮಂಡಿಯೂರಿರುತ್ತಾನೆ. ಅವರಮ್ಮ ಊರಿಂದ ರೇಷ್ಮೆ ಸೀರೆಯಲ್ಲಿ ಬಂದಿರುತ್ತಾರೆ. ಸಿಗದವರು "ರಾತ್ರಿ ಶೂಟ್ ಇದೆ" ಅಂತ ಬಂದೇ ಇರುವುದಿಲ್ಲ. ಇಷ್ಟೆಲ್ಲ ಇದ್ದೂ ಹೆಸರು ಕೂಗಿದಾಗ ಬಾಯಿ ಮೇಲೆ ಕೈಯಿಟ್ಟು, ಕಣ್ಣರಳಿಸಿ, ಪಕ್ಕದವರ ಭುಜ ಹಿಡಿದು ಅವರು ನಂಬದೇ ಹೋಗುತ್ತಾರೆ ನೋಡಿ, ಆ ಅಭಿನಯಕ್ಕೇ ಒಂದು ಪ್ರಶಸ್ತಿ ಕೊಡಬಹುದು. ಕೊಟ್ಟರೂ ಕೊಟ್ಟಾರು. ಈ ಮಂದಿಗೆ ನಿಜವಾದ ಎದೆಬಡಿತ ಗುರುವಾರ. ಟಿವಿ ವೀಕ್ಷಣೆ ಅಳೆಯುವ ಬಾರ್ಕ್‌ನ ವಾರದ ರೇಟಿಂಗ್ ಬರುವ ದಿನ. ಆ ದಿನ ಯಾವ ನಿರೂಪಕರೂ ಇರುವುದಿಲ್ಲ, ಎವಿ ಇಲ್ಲ, ಲಕೋಟೆ ಇಲ್ಲ. ಮೊಬೈಲಿಗೆ ಒಂದು ಅಂಕಿ ಬರುತ್ತದೆ. ಅಂಕಿ ಇಳಿದರೆ ಸೋಮವಾರದ ಹೊತ್ತಿಗೆ ನಾಯಕನ ಅವಳಿ ತಮ್ಮ ದುಬೈನಿಂದ ಬಂದಿಳಿದಿರುತ್ತಾನೆ.

ಇನ್ನು ಮುಖ್ಯ ಅತಿಥಿ. ಸಿನಿಮಾ ನಾಯಕರೇ ಬರಬೇಕು. ಬಂದವರು "ಕಿರುತೆರೆ ನನ್ನ ತವರುಮನೆ" ಅನ್ನಬೇಕು. ಕೆಲವರ ಬಾಯಲ್ಲಿ ಅದು ನಿಜವೇ. ಗಣೇಶ್ 'ಮುಂಗಾರು ಮಳೆ'ಯಲ್ಲಿ ನೆನೆಯುವ ಮೊದಲು ಉದಯ ಟಿವಿಯ 'ಕಾಮಿಡಿ ಟೈಂ'ನಲ್ಲಿ ನಗಿಸುತ್ತಿದ್ದರು. ಯಶ್, ರಾಧಿಕಾ ಪಂಡಿತ್ ಇಬ್ಬರೂ 'ನಂದಗೋಕುಲ' ಧಾರಾವಾಹಿಯ ಮಕ್ಕಳು. ಆದರೆ ಸೀರಿಯಲ್ಲಿನ ಗಾಳಿ ಸೋಕದವರಿಗೂ ತವರುಮನೆಯ ಮಾತನ್ನೇ ಬರೆದುಕೊಡಬೇಕೆಂಬ ಒತ್ತಡ ಬರುತ್ತದೆ. ಬರೆದುಕೊಟ್ಟಿದ್ದೇನೆ. ತವರಿಗೆ ಬಂದವರು ಕಾಲುಗಂಟೆಯಲ್ಲಿ ಕಾರು ಹತ್ತಿದ್ದನ್ನೂ ನೋಡಿದ್ದೇನೆ.

ನಿರೂಪಣೆ ಅಂದರೆ ನನಗೆ ಈಗಲೂ ಕಣ್ಣಮುಂದೆ ಬರುವುದು ಅಪರ್ಣಾ. ದೂರದರ್ಶನದಲ್ಲಿ, ಸರ್ಕಾರಿ ಸಮಾರಂಭಗಳಲ್ಲಿ ಅವರ ಕನ್ನಡ ಕೇಳುತ್ತಿದ್ದರೆ ಭಾಷಣಕಾರರು ಬೇಡ, ಇವರೇ ಮಾತಾಡಲಿ ಅನ್ನಿಸುತ್ತಿತ್ತು. ಅದೇ ಅಪರ್ಣಾ 'ಮಜಾ ಟಾಕೀಸ್'ನಲ್ಲಿ ವರಲಕ್ಷ್ಮಿಯಾಗಿ ಬಂದು, ತಮ್ಮದೇ ಗಾಂಭೀರ್ಯವನ್ನು ಪಕ್ಕಕ್ಕಿಟ್ಟು ಊರನ್ನೆಲ್ಲ ನಗಿಸಿದರು. 2024ರ ಜುಲೈನಲ್ಲಿ ತೀರಿಕೊಂಡರು. ನಮ್ಮ ಮೆಟ್ರೋದಲ್ಲಿ ಮುಂದಿನ ನಿಲ್ದಾಣ ಹೇಳುವ ದನಿಯಾಗಿ ಉಳಿದರು. ಒತ್ತಕ್ಷರ ನುಂಗದೆ ನಗಿಸಬಹುದು ಎಂಬುದನ್ನು ಈಗ ಹೊಸ ಹುಡುಗರಿಗೆ ಹೇಳಿದರೆ, "ಸಾರ್, ಅದು ಸ್ಲೋ ಆಗುತ್ತೆ" ಅನ್ನುತ್ತಾರೆ. ನಡುರಾತ್ರಿ ಎರಡು ಗಂಟೆಗೆ ಯಾವ ರೈಲು ಹಿಡಿಯಬೇಕೋ ತಿಳಿಯದು.

ನಡುರಾತ್ರಿ ಅಂದಾಗ ನೆನಪಾಯಿತು: ತಂತ್ರಜ್ಞರ ಪ್ರಶಸ್ತಿ ಯಾವಾಗ ಅಂತ ನೀವು ಕೇಳಲೇ ಇಲ್ಲ. ಯಾರೂ ಕೇಳುವುದಿಲ್ಲ. ಸಂಭಾಷಣೆಕಾರ, ಸಂಕಲನಕಾರ, ಛಾಯಾಗ್ರಾಹಕ, ಸಂಚಿಕೆ ನಿರ್ದೇಶಕ, ಇವರ ಪ್ರಶಸ್ತಿ ಒಂದೋ ಜನ ಬರುವ ಮೊದಲು, ಇಲ್ಲವೇ ಜನ ಎದ್ದು ಹೋದ ಮೇಲೆ. ಖಾಲಿ ಕುರ್ಚಿ ಕಾಣದಂತೆ ಕ್ಯಾಮೆರಾ ಹತ್ತಿರ ತಂದು ಹಿಡಿಯುತ್ತಾರೆ. ಚಪ್ಪಾಳೆಯನ್ನು ಬೇರೆ ಹೊತ್ತಿನಲ್ಲಿ ಚಿತ್ರಿಸಿಟ್ಟ ದೃಶ್ಯದಿಂದ ಅಂಟಿಸುತ್ತಾರೆ. ಟಿವಿಯಲ್ಲಿ ಬರುವಾಗ ನಾಲ್ವರೂ ಸೇರಿ ಹಾಡೊಂದರ ಹಿನ್ನೆಲೆಯಲ್ಲಿ ಅರ್ಧ ನಿಮಿಷ. ಆ ಅರ್ಧ ನಿಮಿಷಕ್ಕೆ ಕತ್ತರಿಸಿದವನೇ ಒಮ್ಮೊಮ್ಮೆ ಪ್ರಶಸ್ತಿ ಪಡೆದ ಸಂಕಲನಕಾರ. ತನ್ನ ಮುಖದ ಮೇಲೇ ಕತ್ತರಿ ಹಾಕಿ, "ಡ್ಯುರೇಷನ್ ಜಾಸ್ತಿ ಆಗಿತ್ತು ಸಾರ್" ಎಂದು ನಿರ್ವಿಕಾರವಾಗಿ ಟೀ ಕುಡಿಯುತ್ತಾನೆ. ಅರ್ಧ ಗಂಟೆಯ ಸ್ಲಾಟಿಗೆ ಇಪ್ಪತ್ತು ಚಿಲ್ಲರೆ ನಿಮಿಷದ ಕಥೆ, ವಾರಕ್ಕೆ ಐದಾರು ಕಂತು, ಹಬ್ಬ ಬಂದರೆ ಮಹಾಸಂಚಿಕೆ. ಇದನ್ನು ವರ್ಷಗಟ್ಟಲೆ ದಿನವೂ ಬೇಯಿಸಿ ಬಡಿಸುವವರು ಇವರು. ಮಂಥರೆಯ ನಾಲಿಗೆಯ ವಿಷವೆಲ್ಲ ಆ ಸಂಭಾಷಣೆಕಾರನದು. ಪಾಪದವನು, ಮನೆಯಲ್ಲಿ ಹೆಂಡತಿಗೆ ಎದುರಾಡಿ ಗೊತ್ತಿಲ್ಲ. ಅವನ ಹೆಸರು ಕೂಗಿದಾಗ ಮಾತ್ರ ತುದಿ ಕುರ್ಚಿಯೂ ಇರುವುದಿಲ್ಲ, ಮಂಡಿಯೂರಿದ ಕ್ಯಾಮೆರಾವೂ ಇರುವುದಿಲ್ಲ. ಎಲ್ಲೋ ಹಿಂದಿನಿಂದ ಎದ್ದು, ಕಾಲುಗಳನ್ನು ದಾಟಿಕೊಂಡು, "ಸ್ವಲ್ಪ ಬಿಡಿ, ಸ್ವಲ್ಪ ಬಿಡಿ" ಅನ್ನುತ್ತ ಬರುತ್ತಾನೆ. ಇಡೀ ರಾತ್ರಿಯಲ್ಲಿ ನಿಜವಾಗಿ ಬೆರಗಾದ ಮುಖ ಅದೊಂದೇ. ಅದನ್ನು ಯಾರೂ ಹಿಡಿದಿರುವುದಿಲ್ಲ. ಒಳ್ಳೆಯ ಆ್ಯಂಕರ್ ಆದರೆ ಅಲ್ಲಿ ಮೈಕ್ ಕೊಟ್ಟು ಒಂದು ಮಾತು ಆಡಿಸುತ್ತಾರೆ, ಕಿವಿಯಲ್ಲಿ "ಬೇಗ, ಬೇಗ" ಎಂಬ ಕೂಗು ಕೇಳಿಯೂ ಕೇಳದಂತೆ. ಅಂಥ ಒಬ್ಬರನ್ನು ಕಂಡಿದ್ದೇನೆ. ಅವರಿಗೆ ಆಮೇಲೆ ಬೈಗುಳವೂ ಸಿಕ್ಕಿತು.

ಬೆಳಗಿನ ಜಾವ ಮೂರೂವರೆಗೆ ಪೇಪರ್ ತಟ್ಟೆಯಲ್ಲಿ ತಣ್ಣಗಾದ ಪಲಾವು. ಅಲ್ಲಿಗೆ ಮುಗಿಯಿತು ಅಂದುಕೊಂಡರೆ ಮುಗಿಯಲಿಲ್ಲ, ಮೊದಲೇ ಚಿತ್ರಿಸಿಟ್ಟ ಕಂತುಗಳ ಎಪಿಸೋಡ್ ಬ್ಯಾಂಕ್ ಖಾಲಿಯಾಗಿರುತ್ತದೆ. ಬೆಳಿಗ್ಗೆ ಏಳಕ್ಕೆ ಕಾಲ್‌ಶೀಟ್. ಮೆಚ್ಚಿನ ಅತ್ತೆ ಪ್ರಶಸ್ತಿ ಪಡೆದವರು ನಿದ್ದೆಗಣ್ಣಲ್ಲಿ ಶೂಟಿಂಗ್ ಮನೆಗೆ ಬಂದು, ಆಸೆಪಟ್ಟು ಆ ಕಪ್ಪನ್ನೂ ತಂದಿರುತ್ತಾರೆ, ಎಲ್ಲರ ಜೊತೆ ಒಂದು ಫೋಟೋ ಇರಲಿ ಅಂತ. ಹಾಲಿನ ಶೋಕೇಸ್‌ನಲ್ಲಿ ಇಟ್ಟು ಮೇಕಪ್‌ಗೆ ಹೋಗುತ್ತಾರೆ. ಮೊದಲ ಶಾಟ್‌ಗೆ ಕ್ಯಾಮೆರಾ ಇಟ್ಟ ಕೂಡಲೇ ಸಹಾಯಕ ನಿರ್ದೇಶಕನ ಕೂಗು ಕೇಳಿಸುತ್ತದೆ.

"ಯಾರ್ರೀ ಅದು ಹಿಂದೆ ಕಪ್ ಇಟ್ಟಿದ್ದು? ನಿನ್ನೆ ಸೀನಲ್ಲಿ ಇರ್ಲಿಲ್ಲ. ಕಂಟಿನ್ಯುಟಿ ಹೋಗುತ್ತೆ, ತೆಗೀರಿ!"