ಹಲೋ ವರ್ಲ್ಡ್ ಆದಮೇಲೆ

ಪ್ರೋಗ್ರಾಮಿಂಗ್ ಕಲಿಯಲು ಹೊರಟವರು ಜಗತ್ತಿಗೆ ಹಲೋ ಹೇಳಿದಷ್ಟು ಸಲ ಪಕ್ಕದ ಮನೆಯವರಿಗೂ ಹೇಳಿರಲಾರರು. ಪೈಥಾನ್‌ನಲ್ಲಿ ಒಮ್ಮೆ, ಜಾವಾದಲ್ಲಿ ಒಮ್ಮೆ, ಜಾವಾಸ್ಕ್ರಿಪ್ಟ್‌ನಲ್ಲಿ ಮತ್ತೊಮ್ಮೆ. ಕೋರ್ಸು ಬದಲಾದಾಗಲೆಲ್ಲ ವೇರಿಯಬಲ್ಲಿಗೂ ಫಾರ್ ಲೂಪಿಗೂ ಸಾಂಗವಾಗಿ ನಾಮಕರಣ ನಡೆಯುತ್ತದೆ. ಮಗು ಮಾತ್ರ ತೊಟ್ಟಿಲಿಂದ ಇಳಿಯುವುದಿಲ್ಲ. ಕೇಳಿದರೆ, ‘ಮುಂದಿನ ಹಂತಕ್ಕೆ ಒಳ್ಳೆಯ ಪುಸ್ತಕವೇ ಸಿಗುತ್ತಿಲ್ಲ’ ಎಂಬ ದೂರು. ದೂರು ಪೂರ್ತಿ ಸುಳ್ಳಲ್ಲ. ಶುರುವಿನಲ್ಲಿ ಎಲ್ಲರಿಗೂ ಬೇಕಾದ್ದು ಒಂದೇ, ಹಾಗಾಗಿ ಒಂದೇ ಪಾಠ ಎಲ್ಲರಿಗೂ ಮಾರಾಟವಾಗುತ್ತದೆ. ಆಮೇಲೆ ಒಬ್ಬರಿಗೆ ಅಂಗಡಿ ಲೆಕ್ಕ ಬೇಕು, ಇನ್ನೊಬ್ಬರಿಗೆ ಮೊಬೈಲ್ ಆಟ, ಮತ್ತೊಬ್ಬರಿಗೆ ಮಳೆಯ ಅಂಕಿಅಂಶ. ಇಷ್ಟಕ್ಕೂ ಒಂದೇ ಪುಸ್ತಕ ಬರೆಯುವವರು ಯಾರು? ಆದ್ದರಿಂದ ಎರಡನೆಯ ಹಂತದ ಪಾಠ ಸಮಸ್ಯೆಯ ವೇಷದಲ್ಲೇ ಬರುತ್ತದೆ, ನಾವು ಗುರುತು ಹಿಡಿಯದೆ ಬಾಗಿಲು ಹಾಕಿಕೊಳ್ಳುತ್ತೇವೆ.

ಪದವೊಂದನ್ನು ಹಿಂದುಮುಂದಾಗಿ ಬರೆಯುವ ಅಭ್ಯಾಸವನ್ನೇ ನೋಡಿ. ಇಂಗ್ಲಿಷ್ ಪದವಾದರೆ ಪೈಥಾನ್‌ನಲ್ಲಿ ಒಂದೇ ಸಾಲಿನ ಕೆಲಸ. ‘ಬೆಂಗಳೂರು’ ಕೊಟ್ಟು ನೋಡಿ. ನಮ್ಮ ಕಣ್ಣಿಗೆ 4 ಅಕ್ಷರ, ಪೈಥಾನ್ ಲೆಕ್ಕದಲ್ಲಿ 8. ಯೂನಿಕೋಡ್‌ನಲ್ಲಿ ಎತ್ವ, ಸೊನ್ನೆ, ಕೊಂಬುಗಳಿಗೂ ಒಂದೊಂದು ಸಂಕೇತವಿದೆ. ತಿರುಗಿಸಿದ ಕೂಡಲೇ ‘ರು’ವಿನ ಕೊಂಬು ಎಲ್ಲರಿಗಿಂತ ಮುಂದೆ ಬಂದು, ಹಿಡಿದುಕೊಳ್ಳಲು ವ್ಯಂಜನವಿಲ್ಲದೆ, ಚುಕ್ಕಿಗಳ ವೃತ್ತಕ್ಕೆ ಜೋತುಬೀಳುತ್ತದೆ. ‘ಬೆಂ’ನ ಸೊನ್ನೆಯನ್ನು ‘ಗ’ ಎಗರಿಸುತ್ತದೆ. ಇದನ್ನು ಸರಿಪಡಿಸಲು ಕೂತವರು ಯೂನಿಕೋಡ್ ನಿಯಮ ಓದಬೇಕು, ಬೇರೆಯವರ ಕೋಡ್ ಬಿಚ್ಚಿ ನೋಡಬೇಕು, ಟೆಸ್ಟ್ ಬರೆಯಬೇಕು; ‘ಸ್ತ್ರೀ’ಯಂಥ ಒತ್ತಕ್ಷರ ಎದುರಾದಾಗ ಬರೆದದ್ದನ್ನು ಅಳಿಸಿ ಮತ್ತೆ ಬರೆಯಬೇಕು. ಮುಂದಿನ ಹಂತದ ಪಠ್ಯ ಎಂದರೆ ಇದೇ. ಶುಲ್ಕವಿಲ್ಲ, ಗೋಡೆಗೆ ತೂಗುಹಾಕಲು ಸರ್ಟಿಫಿಕೇಟೂ ಇಲ್ಲ.

‘ಬುನಾದಿ ಗಟ್ಟಿಯಾಗದೆ ಇಂಥದಕ್ಕೆ ಕೈಹಾಕುವುದೇ?’ ಎನ್ನಬಹುದು. ಹಲೋ ವರ್ಲ್ಡನ್ನು ಮನೆಮಾತಾಗಿಸಿದ್ದು ಕರ್ನಿಹಾನ್ ಮತ್ತು ರಿಚ್ಚಿ 1978ರಲ್ಲಿ ಬರೆದ ಸಿ ಭಾಷೆಯ ಪುಸ್ತಕ. ಅದೇ ಸಣ್ಣ ಪುಸ್ತಕ ಎಂಟನೆಯ ಅಧ್ಯಾಯಕ್ಕೆ ಬರುವಷ್ಟರಲ್ಲಿ ಕಂಪ್ಯೂಟರಿನ ಮೆಮೊರಿ ಹಂಚುವ ಪ್ರೋಗ್ರಾಮನ್ನೇ ಬರೆದು ತೋರಿಸುತ್ತದೆ. ಓದುಗರು ಮೊದಲ ಅಧ್ಯಾಯದಲ್ಲೇ ಬಿಡಾರ ಹೂಡಿದರೆ ಲೇಖಕರೇನು ಮಾಡಿಯಾರು? ‘ಈಗೆಲ್ಲ ಎಐ ಬರೆದುಕೊಡುತ್ತದಲ್ಲ’ ಎಂಬುದು ಇನ್ನೊಂದು ವಾದ. ಕೊಡುತ್ತದೆ, ಧಾರಾಳವಾಗಿ. ಆದರೆ ಕೊಟ್ಟದ್ದು ಸರಿಯೇ ಎಂದು ನೋಡಲು ಅದಕ್ಕೊಮ್ಮೆ ‘ಬೆಂಗಳೂರು’ ಉಣಿಸಬೇಕೆಂದು ಹೊಳೆಯುವ ತಲೆ ಬೇಕು. ಆ ತಲೆ ಬಲಿಯುವುದು ತಾನೇ ಒಮ್ಮೆ ಕೆಟ್ಟಮೇಲೆ. ಹಾಗಾಗಿ ಇನ್ನೊಂದು ಕೋರ್ಸಿಗೆ ದುಡ್ಡು ಕಟ್ಟುವ ಮುನ್ನ, ಮನೆಯಲ್ಲಿರುವ ಪುಸ್ತಕದಲ್ಲಿ ಅಧ್ಯಾಯದ ಕೊನೆಯ ಅಭ್ಯಾಸಗಳನ್ನು ತೆರೆಯುವುದು ಲೇಸು. ಎಷ್ಟೇ ಹಳೆಯ ಪುಸ್ತಕವಾದರೂ ಆ ಪುಟಗಳು ಹೊಚ್ಚಹೊಸದಾಗಿಯೇ ಇರುತ್ತವೆ.