ಇಳಿಯುವಾಗ ಇಸ್ಕೊಳ್ಳಿ

ಮೈಸೂರಿನ ರಾಜೀವನಗರ ಎರಡನೇ ಹಂತದ ನಮ್ಮ ಕ್ರಾಸಿನಲ್ಲಿ ಯಾರಿಗಾದರೂ ಜ್ವರ ಬಂದರೆ ಮೊದಲು ಬರುವವರು ಕಂಡಕ್ಟರ್ ಸಾಹೇಬರು. ಆಟೋ ಆಮೇಲೆ ಬರುತ್ತದೆ. ಅದು ಬರುವಷ್ಟರಲ್ಲಿ ಅವರು ಮಂಚದ ಪಕ್ಕ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕೂತು, ಜ್ವರ ಎಂದರೇನು, ಅದು ಯಾಕೆ ಬರುತ್ತದೆ, ಅರಸೀಕೆರೆಯ ನೈಟ್ ಹಾಲ್ಟಿನಲ್ಲಿ ತಮಗೆ ಬಂದದ್ದು ಹೇಗೆ ಬಿಟ್ಟಿತು, ಅದರಿಂದ ಮನುಷ್ಯ ಕಲಿಯಬೇಕಾದ ಪಾಠ ಏನು ಎಂಬ ನಾಲ್ಕು ಸ್ಟೇಜುಗಳನ್ನೂ ದಾಟಿಸಿರುತ್ತಾರೆ. ರೋಗಿಗೆ ಅರ್ಧ ವಾಸಿಯಾಗಿರುತ್ತದೆ. ಎದ್ದು ಓಡಲು ಅಷ್ಟು ಶಕ್ತಿಯಾದರೂ ಬೇಕಲ್ಲ!

1985ರಿಂದ 2018ರವರೆಗೆ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದವರು. "ಮೂವತ್ಮೂರು ವರ್ಷ ಸರ್ವೀಸು ಮೇಷ್ಟ್ರೇ" ಎನ್ನುವುದು ಅವರ ಮಾತಿನ ಶ್ರೀಕಾರ. ಈ ಮಾತು ಕಿವಿಗೆ ಬಿದ್ದ ಕೂಡಲೇ ಅಲ್‌-ಬದರ್ ಸರ್ಕಲಿನ ಚಹಾ ಅಂಗಡಿಯಲ್ಲಿ ಕೂತವರು ಲೋಟದ ತಳ ನೋಡಿ, ಉಳಿದದ್ದನ್ನು ಒಂದೇ ಗುಟುಕಿಗೆ ಇಳಿಸುತ್ತಾರೆ. ನಾನು ಮಾತ್ರ ನಿಧಾನವಾಗಿ ಕುಡಿಯುವವನು. ಹಾಗಾಗಿ ಸಿಕ್ಕಿಬೀಳುತ್ತೇನೆ.

ಇಂಥವರು ನಿಮ್ಮ ಬೀದಿಯಲ್ಲೂ ಇದ್ದೇ ಇರುತ್ತಾರೆ. ಬ್ಯಾಂಕಿನಿಂದ ನಿವೃತ್ತರಾದವರು ಬಾಳೆಂಬುದು ಜಮಾ ಖರ್ಚು ಎನ್ನುತ್ತಾರೆ. ಮಿಲಿಟರಿಯಿಂದ ಬಂದವರು ಪಕ್ಕದ ಮನೆಯವರನ್ನೂ ಐದು ಗಂಟೆಗೆ ಎಬ್ಬಿಸುತ್ತಾರೆ. ಮೇಷ್ಟ್ರುಗಳ ವಿಷಯ ನಾನು ಹೇಳಬಾರದು, ನನ್ನ ಹೆಂಡತಿ ಹೇಳಬೇಕು. ಕೆಲಸದಲ್ಲಿದ್ದಷ್ಟು ದಿನ ಯಾರೂ ಇವರ ಮಾತು ಕೇಳಿರುವುದಿಲ್ಲ. ಮೇಲಿನವರು ಹೇಳಿದ್ದನ್ನು ಕೇಳುವುದರಲ್ಲೇ ಆಯುಷ್ಯ ಕಳೆದಿರುತ್ತದೆ. ಆ ಬಾಕಿಯನ್ನೆಲ್ಲ ನಿವೃತ್ತಿಯಾದ ಮೇಲೆ ಬಡ್ಡಿ ಸಮೇತ ನಮ್ಮಿಂದ ವಸೂಲು ಮಾಡುತ್ತಾರೆ. ಬೆಳಗಿನ ಆರಕ್ಕೆ ನಮ್ಮ ಕ್ರಾಸಿನ ವಾಟ್ಸಾಪ್ ಗುಂಪಿನಲ್ಲಿ ಒಂದು ಕೆಂಪು ಗುಲಾಬಿ ಅರಳುತ್ತದೆ. ಅದರ ಕೆಳಗೆ ಸಾಹೇಬರ ಧ್ವನಿಯಲ್ಲಿ 'ಇವತ್ತಿನ ಪಾಠ'. ಒಮ್ಮೆ ಅದು 11 ನಿಮಿಷ ಇತ್ತು. ವಿಷಯ: ಮಿತವಾಗಿ ಮಾತಾಡುವುದರ ಲಾಭ.

ಅನ್ಯಾಯವಾಗಿ ಹೇಳಬಾರದು, ಪಾಠಗಳಲ್ಲಿ ಹುರುಳಿಲ್ಲದೆ ಇಲ್ಲ. "ಚೆಕಿಂಗಿನವರು ಹತ್ತಿದಾಗ ಬ್ಯಾಗಲ್ಲಿ ದುಡ್ಡು ಕಮ್ಮಿ ಇದ್ರೂ ತಪ್ಪು, ಜಾಸ್ತಿ ಇದ್ರೂ ತಪ್ಪು. ಸಂಸಾರದಲ್ಲಿ ಮಾತೂ ಅಷ್ಟೇ ಮೇಷ್ಟ್ರೇ" ಎಂದಾಗ ನಾನು ನಿಜಕ್ಕೂ ತಲೆದೂಗಿದ್ದೆ. ತಲೆದೂಗಿದ್ದೇ ತಪ್ಪಾಯಿತು. ವೇ ಬಿಲ್ಲು, ಟಿಕೆಟ್ ಟ್ರೇ, ಪಂಚು, ಹರಿದ ನೋಟು, ಎಲ್ಲವೂ ಒಂದೊಂದಾಗಿ ಸಂಸಾರದೊಳಗೆ ಹತ್ತಿಕೊಂಡವು. ಹತ್ತಿದ್ದು ಯಾವುದೂ ಇಳಿಯಲಿಲ್ಲ.

ಮೈಯೊಳಗೆ ಕಂಡಕ್ಟರಿಕೆ ಹಾಗೇ ಇದೆ. ರಿಯಾದಿನಲ್ಲಿರುವ ಮಗನ ಫೋನು ಮುಗಿಸುವಾಗ "ರೈಟ್" ಎನ್ನುತ್ತಾರೆ. ಮೊಮ್ಮಕ್ಕಳು ಜಗಳಕ್ಕೆ ಬಿದ್ದರೆ "ಹೋಲ್ಡಾನ್!" ಎಂದು ಕೂಗುತ್ತಾರೆ. ಮಕ್ಕಳೂ ನಿಲ್ಲುತ್ತವೆ, ಬೀದಿಯಲ್ಲಿ ಹೋಗುತ್ತಿದ್ದ ಗುಜರಿ ಗಾಡಿಯವನೂ ನಿಲ್ಲುತ್ತಾನೆ. ಮದುವೆ ಮನೆಯಲ್ಲಿ ಯಾರಾದರೂ ಮಗುವನ್ನು ಎತ್ತಿಕೊಂಡು ಬಂದರೆ ಮುದ್ದು ಮಾಡುವುದಕ್ಕೆ ಮೊದಲು ಕಣ್ಣಲ್ಲೇ ಅಳತೆ ತೆಗೆಯುತ್ತಾರೆ. ಇದು ಹಾಫ್ ಟಿಕೆಟ್ಟೋ ಅಲ್ಲವೋ ಎಂಬುದು ಅವರಿಗೆ ಮೊದಲು ತೀರ್ಮಾನವಾಗಬೇಕು. "ಇನ್ನೂ ಆರು ತುಂಬಿಲ್ಲ ಅಂತ ಹೇಳಿ ಹೇಳಿ ಬೆಳೆಸಿದ ಮಕ್ಕಳೇ ಈಗ ಅಪ್ಪಂದಿರಾಗಿ ಅದೇ ಸುಳ್ಳು ಹೇಳ್ತಿದಾರೆ ನೋಡಿ" ಎಂದು ನಿಟ್ಟುಸಿರು ಬಿಡುತ್ತಾರೆ. ಕಳೆದ ವರ್ಷ ನಮ್ಮ ಕ್ರಾಸಿನ ಒಂದು ನಿಕಾಹ್‌ನಲ್ಲಿ ಊಟದ ಬಾಗಿಲಿಗೆ ಅವರನ್ನು ನಿಲ್ಲಿಸಿದ್ದರು. ಬಿರಿಯಾನಿಯ ವಾಸನೆಗೆ ಜನ ನುಗ್ಗಿದರು. ಸಾಹೇಬರು ಎರಡೂ ಕೈ ಅಡ್ಡ ಹಿಡಿದು, "ನೂಕಬೇಡಿ, ನೂಕಬೇಡಿ, ಹಿಂದೆ ಖಾಲಿ ಗಾಡಿ ಬರ್ತಾ ಇದೆ!" ಅಂದರು. ಅರ್ಧ ಜನ ನಂಬಿ ಹೊರಗೆ ಹೋಗಿ ರಸ್ತೆ ನೋಡುತ್ತಾ ನಿಂತರು.

ಆರೋಗ್ಯದ ಪಾಠದ ಕತೆ ಬೇರೆ. ಡ್ಯೂಟಿಯಲ್ಲಿದ್ದಾಗ ಸಾಹೇಬರು ನೀರೇ ಕುಡಿಯುತ್ತಿರಲಿಲ್ಲ. ಕುಡಿದರೆ ಇಳಿಯಬೇಕು, ಇಳಿದರೆ ಗಾಡಿ ಲೇಟು. ಹೀಗೆ ಉಳಿಸಿದ ಸಮಯವೆಲ್ಲ ಒಂದು ದಿನ ಮೂತ್ರಪಿಂಡದಲ್ಲಿ ಕಲ್ಲಾಗಿ ಕೂತಿತು. ಕಲ್ಲು ಹೋದ ಮೇಲೆ ಎರಡು ಲೀಟರಿನ ಬಾಟಲು ಅವರ ಹೆಗಲಿಗೆ ಬಂತು, ಮೊದಲು ಚರ್ಮದ ಬ್ಯಾಗು ತೂಗುತ್ತಿದ್ದ ಅದೇ ಜಾಗಕ್ಕೆ. ಈಗ ಎದುರು ಸಿಕ್ಕವರೆಲ್ಲರಿಗೂ ನೀರಿನ ವಿಚಾರಣೆ: "ಬೆಳಗ್ಗಿಂದ ಎಷ್ಟು ಲೋಟ ಆಯ್ತು?" ರಂಜಾನ್ ತಿಂಗಳಲ್ಲಿ ಮಾತ್ರ ಹಗಲು ಈ ಪ್ರಶ್ನೆಗೆ ರಜೆ. ದಿನಾ ನಡೆಯಬೇಕು ಎಂಬುದು ಅವರ ಇನ್ನೊಂದು ಆಜ್ಞೆ. ಅದನ್ನು ಹೇಳುವುದಕ್ಕೆ ಅವರು ಮನೆಯಿಂದ ಸರ್ಕಲಿಗೆ ಸ್ಕೂಟರಿನಲ್ಲಿ ಬರುತ್ತಾರೆ.

ಆದರೆ ಅವರ ನಿಜವಾದ ಸಾಮ್ರಾಜ್ಯ ಪ್ರವಾಸ. "ದೇಶ ಸುತ್ತು, ಕೋಶ ಓದು ಅಂತಾರೆ. ಕೋಶ ಓದಿದವರು ನೀವು, ದೇಶ ಸುತ್ತಿದವನು ನಾನು" ಎಂದು ನನ್ನ ಹೆಗಲ ಮೇಲೆ ಕೈ ಹಾಕಿ ಖಾತೆ ಹಂಚಿಕೊಡುತ್ತಾರೆ. ಯಾವ ಊರಿನ ಹೆಸರೆತ್ತಿದರೂ ಸಾಹೇಬರು ಹೋಗಿದ್ದಾರೆ. ಎಷ್ಟು ಸಾವಿರ ಸಲ ಎಂಬುದಷ್ಟೇ ವ್ಯತ್ಯಾಸ. ಬಹಳ ದಿನ ನಾನು ಬೆರಗಾಗಿ ಕೇಳಿದೆ. ಕೇಳುತ್ತ ಕೇಳುತ್ತ ಒಂದು ಅನುಮಾನ ಹುಟ್ಟಿತು. ಅವರ ಹಾಸನ ಎಂದರೆ ದೊಡ್ಡ ಬಸ್ ಸ್ಟ್ಯಾಂಡು ಮತ್ತು ಕಂಟ್ರೋಲರ್ ರೂಮು. ಅರಸೀಕೆರೆ ಎಂದರೆ ತೆಂಗಿನಕಾಯಿ ಮೂಟೆಯ ಲಗೇಜು. ಚಿಕ್ಕಮಗಳೂರು ಎಂದರೆ ಸೀಟಿನ ಮೇಲೆ ಹಾಸಿಕೊಂಡ ಕಂಬಳಿ. ಮಡಿಕೇರಿ ಎಂದರೆ ತಿರುವಿನಲ್ಲಿ ವಾಂತಿ ಮಾಡುವವರಿಗೆ ಕಿಟಕಿ ಬಿಡಿಸಿಕೊಡುವುದು. ಮಂಗಳೂರಿನ ರೂಟಿನಲ್ಲಿ ಎರಡು ವರ್ಷ ಇದ್ದರಂತೆ. "ಸಮುದ್ರ ಹೇಗಿರುತ್ತೆ ಸಾಹೇಬ್ರೇ?" ಎಂದು ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, "ಸ್ಟ್ಯಾಂಡಿಂದ ದೂರ" ಅಂದರು.

ನಗುವ ಹಕ್ಕು ನನಗೂ ಇಲ್ಲ ಅನ್ನಿ. ಹೊಯ್ಸಳರ ಪಾಠವನ್ನು ನಾನು 28 ವರ್ಷ ಮಾಡಿದ್ದೇನೆ. ಆ ವರ್ಷಗಳಲ್ಲಿ ಬೇಲೂರಿಗೆ ಹೋದದ್ದು ಒಂದೇ ಸಲ, ಶಾಲೆಯ ಮಕ್ಕಳನ್ನು ಕರೆದುಕೊಂಡು. ಅಲ್ಲಿ ನಾನು ನೋಡಿದ್ದು 48 ತಲೆ. ಒಂದು ಸಲ ಎಣಿಸಿದಾಗ 47 ಬಂದಿತ್ತು. ಆ ಗಾಬರಿಯಲ್ಲಿ ವಿಷ್ಣುವರ್ಧನನೂ ಕಾಣಲಿಲ್ಲ, ಶಾಂತಲೆಯೂ ಕಾಣಲಿಲ್ಲ.

ಸಾಹೇಬರು ಹೀಗೆ ದೇಶ ಸುತ್ತುತ್ತಿದ್ದ ಆ 33 ವರ್ಷ ಅವರ ಮನೆಯವರು, ನಾವೆಲ್ಲ ಆಪಾ ಎನ್ನುವವರು, ಒಂದೇ ಜಾಗದಲ್ಲಿ ಕೂತಿದ್ದರು. ಹೊಸ್ತಿಲ ಒಳಗೆ, ಬೆಳಕು ಬೀಳುವ ಕಡೆ, ಮಡಿಲಲ್ಲಿ ಮೊರ. ಮೊರದಲ್ಲಿ ಬೀಡಿ ಎಲೆ, ತಂಬಾಕು, ದಾರ. ಬೀಡಿಗೆ ಕೂಲಿ ಸಾವಿರದ ಲೆಕ್ಕ. ಮೂವರು ಮಕ್ಕಳ ಸ್ಕೂಲು ಫೀಜಿನಲ್ಲಿ ಎಷ್ಟು ಸಾವಿರ ಹೊಗೆಯಾಯಿತೋ ಲೆಕ್ಕ ಇಟ್ಟವರಿಲ್ಲ. ಉದಯಗಿರಿ, ರಾಜೀವನಗರದ ಓಣಿಗಳಲ್ಲಿ ಹೀಗೆ ಬೆರಳ ತುದಿಯಲ್ಲಿ ಓದಿದ ಮಕ್ಕಳು ಬಹಳ. ಅಪ್ಪ ವಾರದ ರಜೆಗೆ ಮನೆಗೆ ಬಂದರೆ ಕೊನೆಯ ಮಗಳು ಬಾಗಿಲಲ್ಲಿ ನಿಂತು, "ಅಮ್ಮೀ, ಟಿಕೆಟ್ ಮಾಮ ಬಂದರು" ಎನ್ನುತ್ತಿದ್ದಳಂತೆ. ಇದನ್ನು ಸಾಹೇಬರು ನಗುತ್ತಲೇ ಹೇಳುತ್ತಾರೆ. ಆದರೆ ಇದಕ್ಕೆ ಪಾಠ ಜೋಡಿಸಿದ್ದನ್ನು ನಾನು ಇವತ್ತಿನವರೆಗೂ ಕೇಳಿಲ್ಲ.

2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂತು. ಕರ್ನಾಟಕದ ಹೆಂಗಸರು ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದೊಳಗೆ ಎಲ್ಲಿಗೆ ಬೇಕಾದರೂ ದುಡ್ಡು ಕೊಡದೆ ಹೋಗಬಹುದು ಎಂದಾಯಿತು. ಸರ್ಕಲಿನ ಅಂಗಡಿಯಲ್ಲಿ ಇದರ ಮೇಲೆ ಗಂಡಸರೆಲ್ಲ ಎರಡು ವಾರ ಚರ್ಚೆ ಮಾಡಿದೆವು. ನಮ್ಮ ಚರ್ಚೆ ಮುಗಿಯುವಷ್ಟರಲ್ಲಿ ಆಪಾ ಮೂರು ಊರು ನೋಡಿಕೊಂಡು ಬಂದಿದ್ದರು.

ಮೊದಲ ಸಲ ಹೋದದ್ದು ಶ್ರೀರಂಗಪಟ್ಟಣದ ಗುಂಬಜ್‌ಗೆ, ರೂಢಿಯಾಗಲಿ ಎಂದು. ಆಮೇಲೆ ನಮ್ಮ ಕ್ರಾಸಿನ ಹೆಂಗಸರದೇ ಒಂದು ತಂಡವಾಯಿತು. ಎರಡು ಬುರ್ಖಾ, ಎರಡು ಕುಂಕುಮ, ಒಂದು ಶಿಲುಬೆ, ಐದು ಆಧಾರ್ ಕಾರ್ಡು, ಒಂದು ದೊಡ್ಡ ಡಬ್ಬಿ ಚಿತ್ರಾನ್ನ. ಕುಂಕುಮಗಳಲ್ಲಿ ಒಂದು ನನ್ನ ಮನೆಯದು. ಧರ್ಮಸ್ಥಳಕ್ಕೂ ಹೋದರು, ಉಳ್ಳಾಲದ ದರ್ಗಾಕ್ಕೂ ಹೋದರು. ಮೂರು ಬಸ್ಸು ಬದಲಿಸಿ ಕಲಬುರಗಿಯ ಬಂದೇನವಾಜ್ ದರ್ಗಾದವರೆಗೂ ಹೋಗಿ, ಬರುವಾಗ ತಲಾ ಐದು ಕೇಜಿ ತೊಗರಿಬೇಳೆ ಹೊತ್ತುಕೊಂಡು ಬಂದರು. ಆ ಐದು ದಿನ ನಾನೂ ಸಾಹೇಬರೂ ಒಟ್ಟಿಗೆ ಅಡುಗೆ ಮಾಡಿಕೊಂಡೆವು. ಸಾರಿಗೆ ಉಪ್ಪು ಕಮ್ಮಿಯಾದರೂ ತಪ್ಪು, ಜಾಸ್ತಿಯಾದರೂ ತಪ್ಪು ಎಂಬ ಪಾಠ ಆಯಿತು.

ಸಾಹೇಬರಿಗೆ ಕಸಿವಿಸಿ ಶುರುವಾದದ್ದು ಉಳ್ಳಾಲದಿಂದ. ಆಪಾ ತಮ್ಮ 58ನೇ ವಯಸ್ಸಿನಲ್ಲಿ ಮೊದಲ ಸಲ ಸಮುದ್ರ ನೋಡಿ ಬಂದಿದ್ದರು. ಸಾಹೇಬರು ಜಗಲಿಯಲ್ಲಿ ಕೂತು, ನನ್ನೆದುರಿಗೇ, ಪರೀಕ್ಷಕರ ಗತ್ತಿನಲ್ಲಿ ಕೇಳಿದರು: "ಸಮುದ್ರ ನೋಡಿದೆಯಲ್ಲ, ಏನು ಕಲಿತುಕೊಂಡೆ?"

ಆಪಾ ತೊಗರಿಬೇಳೆ ಆರಿಸುವಷ್ಟೇ ನಿಗಾ ಇಟ್ಟು ಯೋಚಿಸಿ ಹೇಳಿದರು: "ಕಾಲು ಒದ್ದೆಯಾಯ್ತು."

ಸಾಹೇಬರು ನನ್ನ ಮುಖ ನೋಡಿದರು. ಇಷ್ಟು ಖರ್ಚಿಲ್ಲದ ಪ್ರವಾಸವನ್ನು ಇಷ್ಟು ಸುಮ್ಮನೆ ಮುಗಿಸಿಬಿಡುವುದೇ! ಆಪಾ ಮಾತ್ರ ಬೂದಿಯಲ್ಲಿ ತಿಕ್ಕಿದ ಪಾತ್ರೆ ಬೋರಲು ಹಾಕುತ್ತಾ, ಆ ಮರಳಿನಲ್ಲಿ ಕಾಲಿಟ್ಟರೆ ಕೆಳಗಿನಿಂದ ಯಾರೋ ನೆಲ ಎಳೆದುಕೊಂಡ ಹಾಗಾಗುತ್ತದೆ ಎಂದೂ, ನಮ್ಮ ಮನೆಯವಳು ಹೆದರಿ ತಮ್ಮ ಕೈ ಹಿಡಿದುಕೊಂಡಳೆಂದೂ, ಆಮೇಲೆ ಇಬ್ಬರೂ ಸುಮ್ಮಸುಮ್ಮನೆ ನಕ್ಕೆವೆಂದೂ ಹೇಳಿದರು. ನನ್ನ ಹೆಂಡತಿ ನನಗೆ ಇದನ್ನು ಹೇಳಿರಲಿಲ್ಲ.

ಆಪಾ ಶಕ್ತಿ ಯೋಜನೆಯ ತಮ್ಮ ಶೂನ್ಯ ಟಿಕೆಟ್ಟುಗಳನ್ನು ಎಸೆಯುವುದಿಲ್ಲ. ಮಷೀನು ಬರುವುದಕ್ಕೆ ಮುಂಚಿನ ಕಾಲದ ಒಂದು ಹಳೆ ಟಿಕೆಟ್ ಟ್ರೇ ಮನೆಯಲ್ಲಿ ಮೂಲೆಗೆ ಬಿದ್ದಿತ್ತು. ಅದನ್ನು ಒರೆಸಿ, ಊರಿಗೊಂದು ಖಾನೆ ಮಾಡಿ, ಒಂದೊಂದರಲ್ಲೂ ಟಿಕೆಟ್ಟು ಜೋಡಿಸಿಟ್ಟಿದ್ದಾರೆ. ಸಾಹೇಬರು ದಿನಾ ಅದರ ಮುಂದೆ ಓಡಾಡುತ್ತಾರೆ.

ಬೇಲೂರು, ಹಳೇಬೀಡು, ಸೋಮನಾಥಪುರದ ದೇವಸ್ಥಾನಗಳು 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಟೀವಿಯಲ್ಲಿ ಅದನ್ನು ತೋರಿಸುವಾಗ ಆಪಾ ಕೇಳಿದರಂತೆ: "ನೀವು ಹನ್ನೊಂದು ವರ್ಷ ಚಿಕ್ಕಮಗಳೂರು ಗಾಡಿಯಲ್ಲಿದ್ರಲ್ಲ, ಬೇಲೂರಲ್ಲಿ ಇದನ್ನ ನೋಡಿದೀರಾ?" ಬೇಲೂರಿನಲ್ಲಿ ಗಾಡಿ ಹತ್ತು ನಿಮಿಷ ನಿಲ್ಲುತ್ತಿತ್ತು. ಸ್ಟ್ಯಾಂಡಿನಿಂದ ದೇವಸ್ಥಾನಕ್ಕೆ ನಡೆದೇ ಹೋಗಬಹುದು. ಸಾಹೇಬರಿಗೆ ಗೊತ್ತಿದ್ದದ್ದು ಅಲ್ಲಿನ ಕ್ಯಾಂಟೀನಿನ ವಡೆ.

ಆ ಚಳಿಗಾಲದಲ್ಲಿ ಇಬ್ಬರೂ ಹೊರಟರು. ನಾವೂ ಇಬ್ಬರು ಜೊತೆಯಾದೆವು. ಸಬರ್ಬನ್ ಸ್ಟ್ಯಾಂಡಿನಲ್ಲಿ ಹತ್ತಿದ ಗಾಡಿಯಲ್ಲಿ ಎಲ್ಲಿ ನೋಡಿದರೂ ಹೆಂಗಸರು. ಅರ್ಧ ಸೀಟು ಗಂಡಸರಿಗೆ ಮೀಸಲು ಎಂದು ನಿಯಮವಿದೆ. ಕೇಳುವ ಧೈರ್ಯ ಬೇಕಲ್ಲ? ಹೆಂಗಸರ ಸೀಟಿನಿಂದ ಸಾವಿರಾರು ಗಂಡಸರನ್ನು ಎಬ್ಬಿಸಿದ್ದ ಸಾಹೇಬರು ಕೃಷ್ಣರಾಜನಗರ ದಾಟುವವರೆಗೂ ಕಂಬಿ ಹಿಡಿದು ನಿಂತರು. ಕಂಡಕ್ಟರ್ ಹುಡುಗ ಬಂದ. ಹೆಂಗಸರಿಬ್ಬರಿಗೆ ಸೊನ್ನೆ, ನಮ್ಮಿಬ್ಬರಿಗೆ ಪೂರ್ತಿ. ಸಾಹೇಬರು ಐನೂರರ ನೋಟು ಕೊಟ್ಟರು. ಚಿಲ್ಲರೆ ಇರಲಿಲ್ಲ. ಹುಡುಗ ಟಿಕೆಟ್ಟಿನ ಬೆನ್ನಿಗೆ 60 ಎಂದು ಬರೆದು ಸುತ್ತ ಒಂದು ಸೊನ್ನೆ ಸುತ್ತಿ, "ಇಳಿಯುವಾಗ ಇಸ್ಕೊಳ್ಳಿ ಯಜಮಾನ್ರೇ" ಅಂದ. ಸಾಹೇಬರ ಮುಖ ಅರಳಿತು. ಹೊಳೆನರಸೀಪುರದಿಂದ ಹಾಸನದವರೆಗೂ ನನಗೆ ಅದರ ಮೇಲೆಯೇ ಪಾಠ: ಜನ ಯಾಕೆ ಚಿಲ್ಲರೆ ಮರೆಯುತ್ತಾರೆ, ಮರೆತು ಇಳಿದವರನ್ನು ತಾವು ಹೇಗೆ ಕೂಗಿ ಕೂಗಿ ಕರೆದು ಕೊಡುತ್ತಿದ್ದರು, ಬದುಕಿನಲ್ಲಿ ಎಚ್ಚರ ಎಂಬುದು ಎಷ್ಟು ಮುಖ್ಯ.

ಬೇಲೂರಿನಲ್ಲಿ ಆಪಾ ಮೊದಲು ಇಳಿದು ಸರಸರ ನಡೆದರು. ಸಾಹೇಬರು ಅವರ ಹಿಂದೆ. ಕ್ಯಾಂಟೀನಿನ ಕಡೆ ಒಮ್ಮೆ ನೋಡಿದರು, ಆದರೆ ನಿಲ್ಲಲಿಲ್ಲ. ಚೆನ್ನಕೇಶವನ ಗುಡಿಯ ಹೊರಗೆ, ಕನ್ನಡಿ ಹಿಡಿದು ನಿಂತ ದರ್ಪಣ ಸುಂದರಿಯ ಕೆಳಗೆ, ನಾನು ಹಳೆ ಚಾಳಿಯಂತೆ 1117ರಲ್ಲಿ ವಿಷ್ಣುವರ್ಧನ ಎಂದು ಶುರು ಮಾಡಿದೆ. ಆಪಾ ಕತ್ತೆತ್ತಿ ನೋಡುತ್ತಾ, "ಒಂಬೈನೂರು ವರ್ಷ ಆದ್ರೂ ಇನ್ನೂ ರೆಡಿ ಆಗ್ತಾನೇ ಇದಾಳೆ. ಇವಳ ಗಂಡ ಎಷ್ಟು ಕಿರುಚಿಕೊಂಡಿರಬೇಕು" ಅಂದರು. ಸಾಹೇಬರು ಜೋರಾಗಿ ನಕ್ಕರು. ನಕ್ಕವರು ಹಾಗೇ ತಲೆ ಮೇಲೆತ್ತಿ ನೋಡುತ್ತಾ ನಿಂತರು. ಎಷ್ಟು ಹೊತ್ತೋ ಏನೂ ಹೇಳಲಿಲ್ಲ. ಆಮೇಲೆ ಕೈ ತಾನಾಗಿ ಜೇಬಿಗೆ ಹೋಯಿತು. ಟಿಕೆಟ್ಟು ಹೊರಬಂತು. ಅದರ ಬೆನ್ನಿನ ಮೇಲೆ ನೀಲಿ ಶಾಯಿಯಲ್ಲಿ 60. ಬಸ್ಸು ಆಗಲೇ ಚಿಕ್ಕಮಗಳೂರು ದಾರಿ ಹಿಡಿದಿತ್ತು.

ಆ ಟಿಕೆಟ್ಟನ್ನೂ ಆಪಾ ಟ್ರೇಯಲ್ಲಿ ಬೇಲೂರಿನ ಖಾನೆಗೆ ಸಿಕ್ಕಿಸಿದ್ದಾರೆ. ಮಾರನೆಯ ದಿನ ಬೆಳಿಗ್ಗೆ ಆರಕ್ಕೆ ನಮ್ಮ ಗುಂಪಿನಲ್ಲಿ ಗುಲಾಬಿ ಒಂದೇ ಬಂತು.